ಪ್ರೊ-ಆಮ್ ಬಾಲ್‌ರೂಂ ನೃತ್ಯ: ಯಾವ ಸ್ಪರ್ಧೆಗೆ ಹೆಸರು ಕೊಡಬೇಕು?

ಪ್ರೊ-ಆಮ್ ಸ್ಪರ್ಧೆಯಲ್ಲಿ ನೃತ್ಯ ಕಲಿಯುತ್ತಿರುವ ಹವ್ಯಾಸಿಯೊಬ್ಬರು ತಮ್ಮ ವೃತ್ತಿಪರ ಶಿಕ್ಷಕರ ಜೊತೆಗೂಡಿ ಅಂಗಣಕ್ಕೆ ಇಳಿಯುತ್ತಾರೆ. ಕುಣಿಯುವವರು ಇಬ್ಬರಾದರೂ ತೀರ್ಪುಗಾರರು ತೂಗಿ ನೋಡುವುದು ಹವ್ಯಾಸಿಯ ನೃತ್ಯವನ್ನು ಮಾತ್ರ. ಈ ಪದ್ಧತಿ ಬಹಳವಾಗಿ ಬೆಳೆದಿರುವುದು ಅಮೆರಿಕ ಮತ್ತು ಕೆನಡಾಗಳಲ್ಲಿ. ಅಮೆರಿಕದಲ್ಲಂತೂ ವರ್ಷದ ಹೆಚ್ಚಿನ ವಾರಾಂತ್ಯಗಳಲ್ಲಿ ಒಂದಲ್ಲ ಒಂದು ಹೋಟೆಲಿನ ಸಭಾಂಗಣದಲ್ಲಿ ಇಂಥದೊಂದು ಸ್ಪರ್ಧೆ ನಡೆದೇ ಇರುತ್ತದೆ. ಇಷ್ಟು ಸ್ಪರ್ಧೆಗಳಿರುವಾಗ ಎಲ್ಲದಕ್ಕೂ ಹೋಗುವ ಹಣವಾಗಲಿ, ಸಮಯವಾಗಲಿ, ದೇಹಶಕ್ತಿಯಾಗಲಿ ಯಾರಿಗೂ ಇರುವುದಿಲ್ಲ. ಹಾಗಾಗಿ ಬಹುಪಾಲು ಮಂದಿ ಹೆಸರು ಕೇಳಿದ ದೊಡ್ಡ ಸ್ಪರ್ಧೆಯನ್ನೋ, ಶಿಕ್ಷಕರು ಸೂಚಿಸಿದ ಸ್ಪರ್ಧೆಯನ್ನೋ ಒಪ್ಪಿಕೊಂಡುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಮುಖ್ಯವಾದ ಒಂದು ಸಂಗತಿಯಿದೆ. ನಿಮ್ಮ ಶೈಲಿ, ನಿಮ್ಮ ಮಟ್ಟ, ನಿಮ್ಮ ವಯೋಗುಂಪು, ಈ ಮೂರೂ ಕೂಡುವ ಪುಟ್ಟ ಚೌಕದಲ್ಲಿ ಆ ದಿನ ನಿಮ್ಮೊಡನೆ ಎಷ್ಟು ಮಂದಿ ಸೆಣಸುತ್ತಾರೆ ಎಂಬುದೇ ಆ ಸಂಗತಿ. ಸ್ಪರ್ಧೆಗೆ ಒಟ್ಟು ಸಾವಿರಾರು ನಮೂದುಗಳು ಬಂದಿದ್ದರೂ ನಿಮ್ಮ ಚೌಕದಲ್ಲಿ ನೀವೊಬ್ಬರೇ ಇರಬಹುದು.

ಈ ಚೌಕ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಮೊದಲು ನೋಡೋಣ. ಶೈಲಿಗಳು ನಾಲ್ಕು. ಅಮೆರಿಕನ್ ಸ್ಮೂತ್‌ನಲ್ಲಿ ವಾಲ್ಟ್ಸ್, ಟ್ಯಾಂಗೋ, ಫಾಕ್ಸ್‌ಟ್ರಾಟ್ ಮತ್ತು ವಿಯೆನ್ನೀಸ್ ವಾಲ್ಟ್ಸ್ ಇವೆ. ಅಮೆರಿಕನ್ ರಿದಂನಲ್ಲಿ ಚಾ ಚಾ, ರುಂಬಾ, ಈಸ್ಟ್ ಕೋಸ್ಟ್ ಸ್ವಿಂಗ್, ಬೊಲೆರೊ ಮತ್ತು ಮ್ಯಾಂಬೊ ಬರುತ್ತವೆ. ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್‌ನಲ್ಲಿ ಸ್ಮೂತ್‌ನ ನಾಲ್ಕು ನೃತ್ಯಗಳ ಜೊತೆಗೆ ಕ್ವಿಕ್‌ಸ್ಟೆಪ್ ಸೇರಿಕೊಂಡರೂ ಜೋಡಿ ಹಿಡಿತವನ್ನು ಬಿಡದೆ ಕುಣಿಯಬೇಕಾದ್ದರಿಂದ ಅದರ ಸ್ವಭಾವವೇ ಬೇರೆಯಾಗುತ್ತದೆ. ಇಂಟರ್‌ನ್ಯಾಷನಲ್ ಲ್ಯಾಟಿನ್‌ನಲ್ಲಿ ಚಾ ಚಾ, ಸಾಂಬಾ, ರುಂಬಾ, ಪಾಸೋ ಡೋಬ್ಲೆ ಮತ್ತು ಜೈವ್ ಇವೆ. ಮಟ್ಟಗಳು ಹೊಸಬರಿಂದ ಆರಂಭವಾಗಿ ಬ್ರಾಂಝ್, ಸಿಲ್ವರ್, ಗೋಲ್ಡ್ ಎಂದು ಏರುತ್ತವೆ. ಬ್ರಾಂಝ್‌ನ ಒಳಗೂ ಆರಂಭಿಕ, ಮಧ್ಯಮ, ಪೂರ್ಣ ಎಂಬ ಒಳವಿಭಾಗಗಳಿರುವುದುಂಟು. ಈ ಮಟ್ಟಗಳ ‘ಕ್ಲೋಸ್ಡ್’ ವಿಭಾಗದಲ್ಲಿ ನಿಗದಿತ ಸಿಲಬಸ್ಸಿನ ಹೆಜ್ಜೆಗಳನ್ನಷ್ಟೇ ಹಾಕಬೇಕು, ‘ಓಪನ್’ ವಿಭಾಗದಲ್ಲಿ ಸಂಯೋಜನೆಗೆ ಸ್ವಾತಂತ್ರ್ಯವಿದೆ. ಇದರ ಮೇಲೆ ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸುವ ವಯೋಗುಂಪುಗಳಿದ್ದು, ಅವುಗಳ ಗಡಿರೇಖೆ ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ಒಂದು ಕಡೆ ನಿಮ್ಮ ವಯೋಗುಂಪಿನಲ್ಲಿ ನೀವೇ ಎಲ್ಲರಿಗಿಂತ ಕಿರಿಯರಾಗಿದ್ದು, ಇನ್ನೊಂದು ಕಡೆ ಅದೇ ವಯಸ್ಸಿಗೆ ಎಲ್ಲರಿಗಿಂತ ಹಿರಿಯರಾಗಿರಬಹುದು. ಪ್ರಕಟಣೆಯ ಪುಟದಲ್ಲಿ ಮೊದಲು ಓದಬೇಕಾದ ಸಾಲು ಇದು. ಬಹಳ ಮಂದಿ ಓದದೆ ಬಿಡುವ ಸಾಲೂ ಇದೇ.

ನಾಲ್ಕು ಶೈಲಿಗಳನ್ನು ಇಷ್ಟೆಲ್ಲ ಮಟ್ಟಗಳಿಂದಲೂ ವಯೋಗುಂಪುಗಳಿಂದಲೂ ಗುಣಿಸಿದರೆ ನೂರಾರು ಚೌಕಗಳಾಗುತ್ತವೆ. ಎಷ್ಟೇ ದೊಡ್ಡ ಸ್ಪರ್ಧೆಯಾದರೂ ಬರುವ ಜನ ಈ ನೂರಾರು ಚೌಕಗಳಲ್ಲಿ ಸಮನಾಗಿ ಹರಡಿಕೊಳ್ಳುವುದಿಲ್ಲ. ಕೆಲವು ತುಂಬಿ ತುಳುಕುತ್ತವೆ, ಹಲವು ಬರಿದಾಗಿರುತ್ತವೆ. ಅಂಗಣದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಸಮಯ ಉಳಿಸಲು ಸಂಘಟಕರು ಹಲವು ಚೌಕಗಳ ಸ್ಪರ್ಧಿಗಳನ್ನು ಒಂದೇ ‘ಹೀಟ್’ನಲ್ಲಿ, ಅಂದರೆ ಒಂದೇ ಹಾಡಿಗೆ, ಒಟ್ಟಿಗೆ ಕುಣಿಸುತ್ತಾರೆ. ನಿಮ್ಮ ಸುತ್ತ ಹನ್ನೆರಡು ಜೋಡಿಗಳು ತಿರುಗುತ್ತಿರಬಹುದು. ಆದರೆ ಅವರಲ್ಲಿ ಮೂವರು ಸಿಲ್ವರ್‌ನವರು, ನಾಲ್ವರು ಕಿರಿಯ ವಯೋಗುಂಪಿನವರು, ಉಳಿದವರು ಬ್ರಾಂಝ್‌ನ ಬೇರೆ ಒಳವಿಭಾಗದವರಾಗಿದ್ದರೆ ನಿಮ್ಮೊಡನೆ ಹೋಲಿಕೆಯಾಗುವವರು ಯಾರೂ ಇಲ್ಲ. ಆಗ ದೊರೆಯುವ ಮೊದಲ ಸ್ಥಾನ ನಿಮ್ಮ ನೃತ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೊದಲ ಸ್ಪರ್ಧೆಯಲ್ಲಿ ಅದು ತಪ್ಪೇನಲ್ಲ, ಏಕೆಂದರೆ ದೀಪಗಳ ಕೆಳಗೆ, ಪ್ರೇಕ್ಷಕರ ಮುಂದೆ ಹೆಜ್ಜೆ ಮರೆಯದೆ ಮುಗಿಸುವುದೇ ಆಗಿನ ಪರೀಕ್ಷೆ. ಆದರೆ ಎರಡು ಮೂರು ವರ್ಷ ಇದೇ ನಡೆದರೆ ಕಲಿಯುವವರು ತಾವು ಎಲ್ಲಿದ್ದೇವೆ ಎಂದು ತಿಳಿಯದೆಯೇ ಉಳಿದುಬಿಡುತ್ತಾರೆ.

ಒಳ್ಳೆಯ ಸುದ್ದಿಯೆಂದರೆ, ಈ ಚೌಕದೊಳಗೆ ಮುಂಚಿತವಾಗಿ ಇಣುಕಿ ನೋಡಬಹುದು. ಬಹುಪಾಲು ಸ್ಪರ್ಧೆಗಳು ತಮ್ಮ ಹೀಟ್ ಪಟ್ಟಿಗಳನ್ನೂ ಫಲಿತಾಂಶಗಳನ್ನೂ ಅಂತರ್ಜಾಲದಲ್ಲಿ ಪ್ರಕಟಿಸುತ್ತವೆ. ಹಿಂದಿನ ವರ್ಷಗಳವೂ ಸಾಮಾನ್ಯವಾಗಿ ಉಳಿದಿರುತ್ತವೆ. ಒಂದು ಉದಾಹರಣೆ ನೋಡೋಣ. ಐವತ್ನಾಲ್ಕು ವಯಸ್ಸಿನ ಮಹಿಳೆಯೊಬ್ಬರು ಸ್ಮೂತ್ ಶೈಲಿಯಲ್ಲಿ ಪೂರ್ಣ ಬ್ರಾಂಝ್ ಮಟ್ಟದಲ್ಲಿದ್ದಾರೆ ಎಂದುಕೊಳ್ಳಿ. ಅವರು ಮೂರು ಸ್ಪರ್ಧೆಗಳ ಕಳೆದ ವರ್ಷದ ಫಲಿತಾಂಶಗಳನ್ನು ತೆರೆದು ತಮ್ಮ ಮಟ್ಟ, ತಮ್ಮ ವಯೋಗುಂಪು, ವಾಲ್ಟ್ಸ್ ಎಂದು ಹುಡುಕುತ್ತಾರೆ. ಮೊದಲನೆಯದರಲ್ಲಿ ಒಂದೇ ಹೆಸರಿದೆ. ಎರಡನೆಯದರಲ್ಲಿ ಐದು ಹೆಸರುಗಳಿವೆ. ಮೂರನೆಯದರಲ್ಲಿ ಹದಿನಾಲ್ಕು ಮಂದಿಯಿದ್ದು, ಸೆಮಿಫೈನಲ್ ನಡೆಸಿ ಅರ್ಧದಷ್ಟು ಜನರನ್ನು ಮನೆಗೆ ಕಳಿಸಿದ್ದಾರೆ. ಈಗ ಆಯ್ಕೆಗೆ ಒಂದು ಆಧಾರ ಸಿಕ್ಕಿತು. ಎರಡನೆಯದರಲ್ಲಿ ಹೋಲಿಕೆ ಖಚಿತ, ಫೈನಲ್ ಕೂಡ ಖಚಿತ. ಮೂರನೆಯದಕ್ಕೆ ಹೋದರೆ ಮೊದಲ ಸುತ್ತಿನಲ್ಲೇ ಹೊರಬೀಳುವ ಸಾಧ್ಯತೆಗೆ ಮನಸ್ಸನ್ನು ಸಿದ್ಧಮಾಡಿಕೊಂಡು ಹೋಗಬೇಕು. ಒಂದೇ ವರ್ಷದ ಪಟ್ಟಿಯನ್ನು ನಂಬದೆ ಎರಡು ಮೂರು ವರ್ಷಗಳದ್ದನ್ನು ನೋಡುವುದು ಕ್ಷೇಮ. ಒಂದು ದೊಡ್ಡ ಸ್ಟುಡಿಯೊ ಆ ವರ್ಷ ಬಾರದೆ ಹೋದರೆ ಸಾಕು, ಸಣ್ಣ ಸ್ಪರ್ಧೆಯ ಚಿತ್ರವೇ ಬದಲಾಗಿರುತ್ತದೆ.

ಹೆಸರುಗಳ ಸಂಖ್ಯೆಯ ಜೊತೆಗೆ ಅವು ಎಲ್ಲಿಂದ ಬಂದವು ಎಂಬುದನ್ನೂ ನೋಡಬೇಕು. ಆ ಐದು ಮಂದಿಯಲ್ಲಿ ನಾಲ್ವರು ಒಂದೇ ಸ್ಟುಡಿಯೊದವರಾಗಿದ್ದರೆ ಅದು ಆ ಸ್ಟುಡಿಯೊದ ಒಳಗಿನ ಸ್ಪರ್ಧೆಯೇ ಹೊರತು ಹೊರಗಿನ ಅಳತೆಗೋಲಲ್ಲ. ನಿಮ್ಮ ಶಿಕ್ಷಕರೇ ಬೇರೊಬ್ಬ ವಿದ್ಯಾರ್ಥಿಯನ್ನು ಕರೆತರುತ್ತಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ಒಬ್ಬ ಶಿಕ್ಷಕರು ಏಕಕಾಲಕ್ಕೆ ಇಬ್ಬರೊಡನೆ ಕುಣಿಯಲಾರರಲ್ಲ! ಆದ್ದರಿಂದ ಇಬ್ಬರದೂ ಒಂದೇ ಚೌಕವಾಗಿದ್ದರೆ ಸಾಮಾನ್ಯವಾಗಿ ಒಬ್ಬರು ಬೇರೆ ಹೀಟ್‌ಗೋ ಕಿರಿಯ ವಯೋಗುಂಪಿಗೋ ಸರಿಯಬೇಕಾಗುತ್ತದೆ. ಕಿರಿಯರ ಗುಂಪಿನಲ್ಲಿ ಕುಣಿಯಲು ಹಿರಿಯರಿಗೆ ಅವಕಾಶವಿರುವುದರಿಂದ ನಿಯಮದ ತೊಂದರೆಯಿಲ್ಲ. ಆದರೆ ಯಾವ ಗುಂಪಿನ ಲೆಕ್ಕ ಹಾಕಿ ನೀವು ಆ ಸ್ಪರ್ಧೆಯನ್ನು ಆರಿಸಿದ್ದಿರೋ ಆ ಗುಂಪಿನಲ್ಲಿ ನೀವು ಇರುವುದೇ ಇಲ್ಲ. ಶಿಕ್ಷಕರ ಜೊತೆ ಇನ್ನು ಯಾರು ಬರುತ್ತಿದ್ದಾರೆ, ಅವರ ಮಟ್ಟ ಮತ್ತು ವಯೋಗುಂಪು ಯಾವುದು ಎಂದು ನಮೂದು ಕಳಿಸುವ ಮೊದಲೇ ಕೇಳುವುದರಲ್ಲಿ ಸಂಕೋಚಪಡಬೇಕಾದುದು ಏನೂ ಇಲ್ಲ.

ಫಲಿತಾಂಶವನ್ನು ಅರ್ಥಮಾಡಿಕೊಳ್ಳದೆ ಸ್ಪರ್ಧೆಯನ್ನು ಆರಿಸುವುದು ಕಷ್ಟ, ಆದ್ದರಿಂದ ಅಂಕಪದ್ಧತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಾಲ್‌ರೂಂ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವುದು ‘ಸ್ಕೇಟಿಂಗ್ ಪದ್ಧತಿ’; ಬ್ರಿಟನ್ನಿನಲ್ಲಿ 1937ರಲ್ಲಿ ರೂಪುಗೊಂಡದ್ದು. ಆರಂಭದ ಸುತ್ತುಗಳಲ್ಲಿ ತೀರ್ಪುಗಾರರು ಮುಂದಿನ ಸುತ್ತಿಗೆ ಯಾರು ಬರಬೇಕು ಎಂದಷ್ಟೇ ಗುರುತು ಹಾಕುತ್ತಾರೆ. ಇದನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಫೈನಲ್‌ನಲ್ಲಿ ಪ್ರತಿಯೊಬ್ಬ ತೀರ್ಪುಗಾರರೂ ಸ್ಪರ್ಧಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಜೋಡಿಸುತ್ತಾರೆ. ಇಲ್ಲಿ ಸರಾಸರಿಯ ಲೆಕ್ಕವಿಲ್ಲ, ಬಹುಮತದ ಲೆಕ್ಕ. ಐವರು ತೀರ್ಪುಗಾರರಿದ್ದಾರೆ ಎನ್ನೋಣ. ಒಬ್ಬ ಸ್ಪರ್ಧಿಗೆ 1, 1, 1, 5, 5 ಎಂದೂ ಇನ್ನೊಬ್ಬರಿಗೆ 2, 2, 2, 1, 1 ಎಂದೂ ಬಂದಿದೆ. ಎರಡನೆಯವರನ್ನು ಯಾರೂ ಎರಡನೇ ಸ್ಥಾನಕ್ಕಿಂತ ಕೆಳಗೆ ಇಟ್ಟಿಲ್ಲ. ಆದರೂ ಗೆಲ್ಲುವುದು ಮೊದಲನೆಯವರು, ಏಕೆಂದರೆ ಐವರಲ್ಲಿ ಮೂವರು ಅವರಿಗೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಅಂಕಪಟ್ಟಿಯಲ್ಲಿ ಅಂತಿಮ ಸ್ಥಾನವನ್ನು ಮಾತ್ರ ನೋಡಿ ಮುಚ್ಚಿಟ್ಟರೆ ಆ ಎರಡು 5ಗಳ ಅರ್ಥವೇ ತಪ್ಪಿಹೋಗುತ್ತದೆ. ಇಬ್ಬರು ಅನುಭವಿ ಕಣ್ಣುಗಳಿಗೆ ಏನೋ ಕಂಡಿದೆ, ಅದು ಏನೆಂದು ಶಿಕ್ಷಕರೊಡನೆ ಕೂತು ವಿಡಿಯೊ ನೋಡಿ ಹುಡುಕಬೇಕು.

ತೀರ್ಪುಗಾರರ ಸಂಖ್ಯೆಗೆ ಮಹತ್ವ ಬರುವುದು ಇಲ್ಲೇ. ಮೂವರ ಪ್ಯಾನೆಲ್‌ನಲ್ಲಿ ಇಬ್ಬರ ಅಭಿರುಚಿ ಒಂದಾದರೆ ತೀರ್ಪು ಮುಗಿಯಿತು. ಒಂಬತ್ತು ಮಂದಿಯಿದ್ದರೆ ಐವರು ಒಪ್ಪಬೇಕು. ಸಣ್ಣ ಪ್ಯಾನೆಲ್ಲಿನ ಫಲಿತಾಂಶ ಇಂದು ಒಂದು, ನಾಳೆ ಇನ್ನೊಂದು ಎಂಬಂತೆ ಓಲಾಡುವ ಸಂಭವ ಹೆಚ್ಚು. ಹಾಗೆಂದು ಸಣ್ಣ ಸ್ಪರ್ಧೆ ಬೇಡವೆಂದಲ್ಲ. ಅಲ್ಲಿನ ಗೆಲುವನ್ನೂ ಸೋಲನ್ನೂ ಒಂದೇ ಅಳತೆಯಲ್ಲಿ ಹಗುರವಾಗಿ ತೆಗೆದುಕೊಳ್ಳಬೇಕು. ಇದರ ಹೊರತಾಗಿ ಕೆಲವೆಡೆ ‘ಪ್ರೊಫಿಶಿಯನ್ಸಿ’ ವಿಭಾಗವಿರುತ್ತದೆ. ಅಲ್ಲಿ ಇತರರೊಡನೆ ಹೋಲಿಸದೆ ನಿಮ್ಮ ಮಟ್ಟದ ಮಾನದಂಡಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ಚೌಕದಲ್ಲಿ ಒಬ್ಬರೇ ಉಳಿಯುವ ವಯಸ್ಸಿನವರಿಗೆ ಇದು ನಿಜಕ್ಕೂ ಉಪಯುಕ್ತ, ಏಕೆಂದರೆ ವರ್ಷದಿಂದ ವರ್ಷಕ್ಕೆ ತಮ್ಮನ್ನು ತಾವೇ ಅಳೆದುಕೊಳ್ಳಲು ಒಂದು ದಾರಿ ಸಿಗುತ್ತದೆ.

ಒಂದೊಂದೇ ನೃತ್ಯದ ಹೀಟ್‌ಗಳಲ್ಲದೆ ‘ಮಲ್ಟಿ-ಡ್ಯಾನ್ಸ್’ ಚಾಂಪಿಯನ್‌ಶಿಪ್‌ಗಳೂ, ನಗದು ಬಹುಮಾನವಿರುವ ‘ಸ್ಕಾಲರ್‌ಶಿಪ್’ ಸ್ಪರ್ಧೆಗಳೂ ಇರುತ್ತವೆ. ಇವುಗಳಲ್ಲಿ ಒಂದು ಶೈಲಿಯ ಹಲವು ನೃತ್ಯಗಳನ್ನು ಸಾಲಾಗಿ ಕುಣಿದ ಮೇಲೆ ಎಲ್ಲಕ್ಕೂ ಸೇರಿ ಒಂದೇ ಫಲಿತಾಂಶ ಬರುತ್ತದೆ. ತಯಾರಿ ಆದವರು ಸೇರುವುದು ಇಲ್ಲೇ, ಆದ್ದರಿಂದ ಬಿಡಿ ಹೀಟ್‌ಗಳಲ್ಲಿ ಬರಿದಾಗಿ ಕಾಣುವ ಸ್ಪರ್ಧೆಯಲ್ಲೂ ಈ ವಿಭಾಗ ತುಂಬಿರುವುದುಂಟು. ಹೀಟ್ ಒಂದು ಸುಮಾರು ಒಂದೂವರೆ ನಿಮಿಷ. ನಾಲ್ಕು ನೃತ್ಯಗಳಿಗೆ ಆರು ನಿಮಿಷ. ಸೆಮಿಫೈನಲ್ ಇದ್ದರೆ ಅದೇ ಮತ್ತೊಮ್ಮೆ. ಕೇಳಲು ಕಡಿಮೆ ಅನ್ನಿಸಬಹುದು, ಆದರೆ ವಿಯೆನ್ನೀಸ್ ವಾಲ್ಟ್ಸ್‌ನ ಕೊನೆಯ ಅರ್ಧ ನಿಮಿಷದಲ್ಲಿ ಭುಜ ಮೇಲೇರದಂತೆ, ತಲೆ ಜೋಲದಂತೆ ಉಳಿದ ಅನುಭವವಿರುವವರಿಗೆ ಅದರ ತೂಕ ಗೊತ್ತು.

ಶೈಲಿಯೂ ಸ್ಪರ್ಧೆಯ ಆಯ್ಕೆಯನ್ನು ಕಟ್ಟಿಹಾಕುತ್ತದೆ. ಸ್ಮೂತ್ ಮತ್ತು ರಿದಂ ಮುಖ್ಯವಾಗಿ ಉತ್ತರ ಅಮೆರಿಕದ ಶೈಲಿಗಳು. ಅವುಗಳಿಗೆ ಅಲ್ಲಿನ ಸ್ಪರ್ಧೆಗಳೇ ನೆಲೆ. ನವೆಂಬರಿನಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಸೇರುವ ಒಹಾಯೊ ಸ್ಟಾರ್ ಬಾಲ್ 1978ರಲ್ಲಿ ಆರಂಭವಾದದ್ದು. ಲಾಸ್ ಏಂಜಲೀಸ್‌ನ ಎಮರಾಲ್ಡ್ ಬಾಲ್‌ನಂತೆಯೇ ಅದೂ ಪ್ರೊ-ಆಮ್‌ನ ಹಿರಿಯ, ದೊಡ್ಡ ಸ್ಪರ್ಧೆಗಳ ಸಾಲಿನಲ್ಲಿದೆ. ಬಾಲ್‌ರೂಂ ಲೋಕದ ಅತಿ ಪ್ರಸಿದ್ಧ ಹೆಸರಾದ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಡ್ಯಾನ್ಸ್ ಫೆಸ್ಟಿವಲ್ 1920ರಿಂದ ವಿಂಟರ್ ಗಾರ್ಡನ್ಸ್‌ನ ಎಂಪ್ರೆಸ್ ಬಾಲ್‌ರೂಂನಲ್ಲಿ ನಡೆಯುತ್ತಿದೆ. ಆದರೆ ಅದರ ಕೀರ್ತಿ ನಿಂತಿರುವುದು ಹವ್ಯಾಸಿ ಜೋಡಿಗಳು ಮತ್ತು ವೃತ್ತಿಪರ ಜೋಡಿಗಳ ಮೇಲೆ, ಸ್ಟ್ಯಾಂಡರ್ಡ್ ಮತ್ತು ಲ್ಯಾಟಿನ್ ಮೇಲೆ. ರಿದಂ ಕಲಿತವರು ಆ ಹೆಸರಿನ ಆಕರ್ಷಣೆಗೆ ಮನಸೋತು ಯೋಜನೆ ಹಾಕುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ನ್ಯಾಷನಲ್ ಡ್ಯಾನ್ಸ್ ಕೌನ್ಸಿಲ್ ಆಫ್ ಅಮೆರಿಕದ ಮಾನ್ಯತೆ ಸ್ಪರ್ಧೆಗೆ ಇದೆಯೇ ಎಂಬುದನ್ನೂ ನೋಡಬೇಕು. ಮಾನ್ಯತೆ ಇದ್ದರೆ ಸಿಲಬಸ್, ಮಟ್ಟ, ತೀರ್ಪುಗಾರರ ಅರ್ಹತೆಗಳ ಬಗ್ಗೆ ಒಂದೇ ನಿಯಮಾವಳಿ ಅನ್ವಯಿಸುತ್ತದೆ. ಆರ್ಥರ್ ಮರ್ರಿ, ಫ್ರೆಡ್ ಆಸ್ಟೇರ್‌ನಂಥ ಸ್ಟುಡಿಯೊ ಸರಣಿಗಳು ತಮ್ಮ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕ ಸ್ಪರ್ಧೆಗಳನ್ನು ನಡೆಸುತ್ತವೆ. ಪರಿಚಿತ ಮುಖಗಳ ನಡುವೆ ಆರಂಭಿಸಲು ಅವು ಅನುಕೂಲ, ಆದರೆ ಸರಣಿಯ ಹೊರಗಿನವರೊಡನೆ ಹೋಲಿಕೆ ಬೇಕೆಂದರೆ ಮುಕ್ತ ಸ್ಪರ್ಧೆಗೇ ಹೋಗಬೇಕು.

ಇನ್ನು ಹಣದ ಮಾತು. ಖರ್ಚನ್ನು ಎರಡು ಭಾಗವಾಗಿ ಬರೆದುಕೊಂಡರೆ ಎಲ್ಲವೂ ಸ್ಪಷ್ಟವಾಗುತ್ತದೆ. ಒಂದು, ಎಷ್ಟು ನೃತ್ಯ ಮಾಡಿದರೂ ಬದಲಾಗದ ಖರ್ಚು: ಪ್ರಯಾಣ, ಹೋಟೆಲ್, ಉಡುಪು, ಕೇಶಾಲಂಕಾರ ಮತ್ತು ಮೇಕಪ್, ಶಿಕ್ಷಕರ ಪ್ರಯಾಣ ಹಾಗೂ ವಸತಿಯಲ್ಲಿ ನಿಮ್ಮ ಪಾಲು. ಎರಡು, ಪ್ರತಿ ನೃತ್ಯಕ್ಕೂ ಬೆಳೆಯುವ ಖರ್ಚು: ಸಂಘಟಕರಿಗೆ ಕೊಡುವ ನಮೂದು ಶುಲ್ಕ, ಶಿಕ್ಷಕರು ಪ್ರತಿ ನೃತ್ಯಕ್ಕೆ ಪಡೆಯುವ ಶುಲ್ಕ. ಶಿಕ್ಷಕರ ಪ್ರಯಾಣದ ಖರ್ಚು ಅವರೊಡನೆ ಬರುವ ವಿದ್ಯಾರ್ಥಿಗಳ ನಡುವೆ ಹಂಚಿಹೋಗುವುದರಿಂದ, ನಾಲ್ವರು ಹೋಗುವ ದೂರದ ಸ್ಪರ್ಧೆ ನೀವೊಬ್ಬರೇ ಹೋಗುವ ಹತ್ತಿರದ ಸ್ಪರ್ಧೆಗಿಂತ ಅಗ್ಗವಾಗಬಹುದು. ಸ್ಪರ್ಧೆಯ ಹೋಟೆಲಿನಲ್ಲೇ ಪ್ಯಾಕೇಜ್ ಪಡೆಯಬೇಕೆಂಬ ಷರತ್ತು, ಹೊರಗೆ ಉಳಿದರೆ ಹೆಚ್ಚುವರಿ ಶುಲ್ಕ ಇತ್ಯಾದಿಗಳನ್ನು ಪ್ರಕಟಣೆಯಲ್ಲಿ ಓದಿಕೊಳ್ಳಬೇಕು.

ಬದಲಾಗದ ಖರ್ಚು ಹೇಗೂ ಆಗಿಹೋಗುತ್ತದಲ್ಲ ಎಂಬ ಯೋಚನೆಯೇ ನಮೂದುಗಳನ್ನು ಬೆಳೆಸುತ್ತದೆ. ಐದು ನೃತ್ಯಗಳನ್ನು ಎರಡು ಮಟ್ಟಗಳಲ್ಲಿ, ಎರಡು ವಯೋಗುಂಪುಗಳಲ್ಲಿ ನಮೂದಿಸಿದರೆ ಇಪ್ಪತ್ತು ಹೀಟ್‌ಗಳು. ಅಂಗಣದಲ್ಲಿ ಒಟ್ಟು ಅರ್ಧ ಗಂಟೆ. ಒಂದೇ ನೃತ್ಯವನ್ನು ನಾಲ್ಕು ಸಲ ಕುಣಿಯುವುದರಿಂದ ಲಾಭವಿಲ್ಲವೆಂದು ಹೇಳಲಾರೆ: ಮೊದಲ ಸಲ ನಡುಗಿದ ಕಾಲು ಮೂರನೆಯ ಸಲ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಉಸಿರು ಹಾಡಿಗೆ ಹೊಂದಿಕೊಳ್ಳುತ್ತದೆ. ಆದರೆ ಆ ನಾಲ್ಕರಲ್ಲಿ ಎಷ್ಟು ಕಡೆ ನಿಜವಾದ ಹೋಲಿಕೆ ಇರುತ್ತದೆ ಎಂದು ಹಳೆಯ ಪಟ್ಟಿಯನ್ನು ನೋಡಿ ತಿಳಿದುಕೊಂಡರೆ, ಬರಿದಾದ ಚೌಕಗಳಿಗೆ ತೆರುವ ಹಣದಲ್ಲಿ ಒಂದು ಪಾಲು ಪಾಠಕ್ಕೆ ಉಳಿಯುತ್ತದೆ. ಇಲ್ಲಿ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆಚ್ಚು ನಮೂದುಗಳನ್ನು ತಂದ ಶಿಕ್ಷಕರಿಗೂ ಸ್ಟುಡಿಯೊಗಳಿಗೂ ಬಹುಮಾನ ಕೊಡುವುದು ಈ ಸ್ಪರ್ಧೆಗಳಲ್ಲಿ ರೂಢಿ. ಪ್ರತಿ ನೃತ್ಯಕ್ಕೂ ಶಿಕ್ಷಕರಿಗೆ ಆದಾಯವಿದೆ. ಇದರಿಂದ ಅವರ ಸಲಹೆ ಸುಳ್ಳಾಗುವುದಿಲ್ಲ. ನಿಮ್ಮ ದೇಹ ಯಾವ ಒತ್ತಡವನ್ನು ತಡೆದುಕೊಳ್ಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆದರೂ ಎಷ್ಟು ಹಣ, ಎಷ್ಟು ಹೀಟ್ ಎಂಬ ಮಿತಿಯನ್ನು ಮಾತುಕತೆಯ ಆರಂಭದಲ್ಲೇ ನೀವು ಹೇಳಿ, ಆ ಮಿತಿಯೊಳಗೆ ಯಾವುವು ಎಂಬುದನ್ನು ಅವರಿಗೆ ಬಿಡುವುದು ಇಬ್ಬರ ಸಂಬಂಧಕ್ಕೂ ಒಳ್ಳೆಯದು.

ವೇಳಾಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಶೈಲಿಗೆ ಒಂದೊಂದು ದಿನ ಮೀಸಲಿರುತ್ತದೆ. ಎರಡು ಶೈಲಿ ಕುಣಿಯುವವರಿಗೆ ಹೋಟೆಲಿನ ರಾತ್ರಿಗಳು ಎಷ್ಟು ಎಂಬುದನ್ನು ಇದೇ ನಿರ್ಧರಿಸುತ್ತದೆ.

ಅಂಗಣದ ಗಾತ್ರವನ್ನು ಮಾತ್ರ ಕಡೆಗಣಿಸಬೇಡಿ, ಅದರಲ್ಲೂ ಸ್ಮೂತ್ ಮತ್ತು ಸ್ಟ್ಯಾಂಡರ್ಡ್ ಕುಣಿಯುವವರು. ಈ ನೃತ್ಯಗಳಲ್ಲಿ ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಂಗಣವನ್ನು ಸುತ್ತುತ್ತವೆ, ಮತ್ತು ಸಂಯೋಜನೆಯನ್ನು ಉದ್ದನೆಯ ಬದಿ, ಗಿಡ್ಡ ಬದಿ, ಮೂಲೆ ಎಂದು ವಿಂಗಡಿಸಿಯೇ ಕಟ್ಟಿರುತ್ತಾರೆ. ನಿಮಿಷಕ್ಕೆ ಮೂವತ್ತು ಬಾರ್‌ಗಳ, ಅಂದರೆ ಮೂವತ್ತು ತಾಳದ ಆವರ್ತಗಳ, ವಾಲ್ಟ್ಸ್‌ನಲ್ಲಿ ಒಂದೂವರೆ ನಿಮಿಷಕ್ಕೆ ನಲವತ್ತೈದು ಬಾರ್‌ಗಳು. ಅಭ್ಯಾಸದ ಅಂಗಣದಲ್ಲಿ ಉದ್ದ ಬದಿಗೆ ಹನ್ನೆರಡು ಬಾರ್ ಹಿಡಿಸುತ್ತಿದ್ದ ಸಂಯೋಜನೆ ಇಲ್ಲಿ ಎಂಟಕ್ಕೇ ಮೂಲೆ ಮುಟ್ಟಿದರೆ, ಉಳಿದ ನಾಲ್ಕು ಬಾರ್‌ಗಳನ್ನು ಎಲ್ಲಿ ಹಾಕುವುದು? ಹೊಸಬರು ಅಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಾರೆ. ಹೆಜ್ಜೆ ಚಿಕ್ಕದಾದೊಡನೆ ವಾಲ್ಟ್ಸ್‌ನ ಏರಿಳಿತವೇ ಸತ್ತುಹೋಗುತ್ತದೆ. ಸಣ್ಣ ಅಂಗಣವೆಂದು ಮೊದಲೇ ಗೊತ್ತಿದ್ದರೆ ಶಿಕ್ಷಕರು ಒಂದು ತಿರುವನ್ನು ಹೆಚ್ಚಿಸಿ ಮೂಲೆಯನ್ನು ಮುಂಚಿತವಾಗಿಯೇ ಸಾಧಿಸಿಕೊಡಬಲ್ಲರು. ಹಿಂದಿನ ವರ್ಷದ ವಿಡಿಯೊಗಳಲ್ಲಿ ಒಂದು ಜೋಡಿ ಉದ್ದ ಬದಿಯನ್ನು ಎಷ್ಟು ಬಾರ್‌ಗಳಲ್ಲಿ ದಾಟುತ್ತದೆ ಎಂದು ಎಣಿಸಿದರೆ ಇದು ತಿಳಿಯುತ್ತದೆ.

ಸ್ಪರ್ಧೆಗಳ ನಡುವಿನ ಅಂತರವೂ ಆಯ್ಕೆಯ ಭಾಗವೇ. ತೀರ್ಪುಗಾರರಿಗೆ ಕಂಡ ದೋಷ, ಅದು ಹಿಡಿತದ್ದಿರಲಿ, ಪಾದದ್ದಿರಲಿ, ಒಂದು ವಾರದಲ್ಲಿ ತಿದ್ದುವಂಥದಲ್ಲ. ಅರ್ಥಮಾಡಿಕೊಳ್ಳಲು ಕೆಲವು ಪಾಠ, ದೇಹಕ್ಕೆ ಇಳಿಯಲು ಕೆಲವು ವಾರ, ಯೋಚಿಸದೆ ಬರುವಂತಾಗಲು ಮತ್ತಷ್ಟು ವಾರ ಬೇಕು. ತಿಂಗಳಿಗೊಂದರಂತೆ ಸ್ಪರ್ಧಿಸುವವರು ಹಳೆಯ ದೋಷವನ್ನೇ ಮತ್ತೆ ಮತ್ತೆ ಪ್ರದರ್ಶಿಸಿ ಬರುತ್ತಾರೆ, ಏಕೆಂದರೆ ಸ್ಪರ್ಧೆ ಹತ್ತಿರವಾದಾಗ ಪಾಠಗಳೆಲ್ಲ ಸಂಯೋಜನೆಯನ್ನು ಒಪ್ಪಮಾಡುವುದರಲ್ಲೇ ಕಳೆದುಹೋಗುತ್ತವೆ. ವರ್ಷಕ್ಕೆ ಮೂರು ಸ್ಪರ್ಧೆ ಸಾಧ್ಯವಿರುವವರಿಗೆ ನಾನು ಹೇಳುವುದು ಹೀಗೆ: ಒಂದು, ನಿಮ್ಮ ಚೌಕದಲ್ಲಿ ನಾಲ್ಕೈದು ಮಂದಿ ಇರುವಂಥದ್ದು, ಇನ್ನೊಂದು, ಸೆಮಿಫೈನಲ್ ನಡೆಯುವಷ್ಟು ತುಂಬಿರುವಂಥದ್ದು, ಇವೆರಡಕ್ಕೂ ಕೆಲವು ವಾರ ಮೊದಲು, ಹೊಸ ಸಂಯೋಜನೆಯನ್ನು ಜನರ ಮುಂದೆ ಒಮ್ಮೆ ಕುಣಿದು ನೋಡಲು ಹತ್ತಿರದ ಸಣ್ಣದೊಂದು. ಮಟ್ಟ ಏರುವ ವರ್ಷದಲ್ಲಿ ಈ ಕ್ರಮ ವಿಶೇಷವಾಗಿ ನೆರವಾಗುತ್ತದೆ. ಉದಾಹರಣೆಗೆ ಸ್ಮೂತ್‌ನಲ್ಲಿ ಬ್ರಾಂಝ್‌ನ ವಾಲ್ಟ್ಸ್ ಪಾದಗಳನ್ನು ಜೋಡಿಸಿ ನಿಲ್ಲಿಸುತ್ತಾ ಸಾಗಿದರೆ, ಸಿಲ್ವರ್‌ನಲ್ಲಿ ಪಾದ ಪಾದವನ್ನು ದಾಟಿ ಹರಿಯುತ್ತದೆ; ಈ ಬದಲಾವಣೆಯನ್ನು ತುಂಬಿದ ಸೆಮಿಫೈನಲ್ಲಿನಲ್ಲಿ ಮೊದಲ ಬಾರಿಗೆ ಪರೀಕ್ಷಿಸುವುದು ಕ್ರೂರವಾಗುತ್ತದೆ.

ನಮೂದಿನ ಕೊನೆಯ ದಿನಾಂಕ, ತಡವಾದರೆ ಬೀಳುವ ದಂಡ, ಗಾಯವಾದರೆ ಹಣ ವಾಪಸಾಗುತ್ತದೆಯೇ ಎಂಬ ಷರತ್ತು, ಇವನ್ನು ಬರೆದಿಟ್ಟುಕೊಂಡು ಹೆಸರು ಕಳಿಸಿ. ಸ್ಪರ್ಧೆಗೆ ಕೆಲವು ದಿನ ಮೊದಲು ಆ ವರ್ಷದ ಹೀಟ್ ಪಟ್ಟಿ ಹೊರಬಂದಾಗ ನಿಮ್ಮ ಲೆಕ್ಕ ಎಷ್ಟು ಸರಿಯಿತ್ತು ಎಂಬುದು ತಿಳಿಯುತ್ತದೆ. ಮುಗಿದ ಮೇಲೆ ಪ್ರತಿ ಚೌಕದಲ್ಲಿ ಎಷ್ಟು ಮಂದಿಯಿದ್ದರು, ಎಷ್ಟು ತೀರ್ಪುಗಾರರು ಕಾಲ್‌ಬ್ಯಾಕ್ ಕೊಟ್ಟರು, ಎಷ್ಟನೆಯ ಹೀಟ್‌ನಲ್ಲಿ ಕಾಲು ಭಾರವಾಯಿತು ಎಂದು ಒಂದು ಪುಟದಲ್ಲಿ ಬರೆದಿಡಿ. ನಿಮ್ಮ ಸ್ಥಾನಕ್ಕಿಂತ ಒಂದು ಮೆಟ್ಟಿಲು ಮೇಲಿದ್ದವರ ಹೆಸರನ್ನೂ ಬರೆದುಕೊಳ್ಳಿ. ಮುಂದಿನ ಋತುವಿನಲ್ಲಿ ಅವರು ಯಾವ ಸ್ಪರ್ಧೆಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೋ, ನೀವು ಮೊದಲು ವಿಚಾರಿಸಬೇಕಾದದ್ದು ಅವುಗಳನ್ನು.